ತೊಂಬತ್ತೆರಡು ಕುಣಿಕೆ

ಏಪ್ರಿಲ್ 6, 1904. ಗಾಸ್‌ಪೋರ್ಟ್.

ಇಂದು ನೌಕಾಪಡೆಯ ಮುಳುಗುದೋಣಿ ಕೆಲಸಕ್ಕೆ ಹೆಸರು ಬರೆಸಿದೆ. ಬರೆದುಕೊಂಡ ಗುಮಾಸ್ತ ನನ್ನನ್ನು ಎರಡು ಸಲ ನೋಡಿದ. "ಈನಕ್ ಪ್ಯಾಸ್ಕೋ. ಇಂಜಿನ್ ಕೆಲಸ. ಮೂವತ್ತಾರು ವರ್ಷ. ಯಾಕಪ್ಪಾ, ದೊಡ್ಡ ಹಡಗಲ್ಲಿ ಗಾಳಿ ಜಾಸ್ತಿ ಆಯ್ತಾ?" ಎಂದ. ಹೆಂಡತಿ ಎಂಬ ಕಡೆ ಬಂದು ಅವನ ಪೆನ್ನು ನಿಂತಿತು. "ಇಲ್ಲ, ತೀರಿಕೊಂಡಳು" ಎಂದೆ. ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

ಹೆಟ್ಟಿ ಜನವರಿ ಹನ್ನೊಂದಕ್ಕೆ ಹೋದಳು. ಎದೆಯಲ್ಲಿ ಕಫ ಕಟ್ಟಿತಂತೆ, ನಾಲ್ಕೇ ದಿನ. ನಾನು ಆಗ ಮಾಲ್ಟಾದಲ್ಲಿದ್ದೆ. ಕಾಗದ ನನ್ನ ಕೈಸೇರುವಷ್ಟರಲ್ಲಿ ಅವಳು ಮಣ್ಣಾಗಿ ಹದಿನೆಂಟು ದಿನವಾಗಿತ್ತು. ಕೊನೆಯಲ್ಲಿ ಏನಾದರೂ ಹೇಳಿದಳೇ ಎಂದು ಮನೆಯೊಡತಿ ಮಿಸೆಸ್ ಕಬಿಟ್ ಅವರನ್ನು ಕೇಳಿದ್ದೆ. "ಮಾತಾಡೋಕೆ ಶಕ್ತಿ ಎಲ್ಲಿತ್ತಪ್ಪಾ ಅವಳಿಗೆ" ಎಂದಿದ್ದರು.

ಮನೆಯಲ್ಲಿ ಕೂರಲಾಗುವುದಿಲ್ಲ. ಕೂತರೆ ಎದ್ದೇಳಬೇಕೆನಿಸುತ್ತದೆ. ಎದ್ದರೆ ಎಲ್ಲಿಗೆ ಎಂದು ಗೊತ್ತಾಗುವುದಿಲ್ಲ.

ಏಪ್ರಿಲ್ 12

ನಮ್ಮ ದೋಣಿಗೆ ಹೆಸರಿಲ್ಲ, ಅಂಕಿ ಮಾತ್ರ. ಏಳು. ಹೀಗೂ ಆಗುತ್ತದೆಯೇ ನೋಡೋಣ ಎಂದು ಕಟ್ಟಿದ ದೋಣಿಗಳು ಇವು. ಒಂದರಲ್ಲಿ ಕಂಡ ತಪ್ಪನ್ನು ಇನ್ನೊಂದರಲ್ಲಿ ತಿದ್ದಿದ್ದಾರೆ, ಹೊಸ ತಪ್ಪು ಯಾವುದೆಂದು ನಾವು ಒಳಗೆ ಕೂತು ಕಂಡುಹಿಡಿಯಬೇಕು. ಒಳಗೆ ಹನ್ನೊಂದು ಜನ. ಯಾರೂ ನೆಟ್ಟಗೆ ನಿಲ್ಲುವಂತಿಲ್ಲ. ನೀರಿನ ಮೇಲೆ ಪೆಟ್ರೋಲ್ ಇಂಜಿನ್ನು, ಕೆಳಗೆ ಹೋದರೆ ಬ್ಯಾಟರಿ ಮೋಟರು. ಪೆಟ್ರೋಲಿನ ವಾಸನೆ ಎಷ್ಟಿದೆಯೆಂದರೆ ಎರಡನೇ ದಿನದಿಂದ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ. ಬ್ರೆಡ್ಡಿನಲ್ಲಿ ಗೊತ್ತಾಗುತ್ತದೆ, ಚಹಾದಲ್ಲಿ ಗೊತ್ತಾಗುತ್ತದೆ.

ಹಾಗಾಗಿ ಒಂದು ಬಿಳಿ ಇಲಿ ಇಟ್ಟಿದ್ದಾರೆ. ಮೋಟರಿನ ಪಕ್ಕ, ನೆಲದ ಹಲಗೆಗೆ ಹತ್ತಿರ, ತಂತಿಯ ಗೂಡಿನಲ್ಲಿ. ಪೆಟ್ರೋಲಿನ ಹಬೆ ತೂಕದ್ದು, ಕೆಳಗೆ ಸೇರುತ್ತದೆ. ಮನುಷ್ಯನಿಗಿಂತ ಮೊದಲು ಇಲಿ ಬೀಳುತ್ತದೆ. ಇಲಿ ಬಿದ್ದರೆ ಕೂಗಬೇಕು, ದೋಣಿ ಮೇಲೇಳಬೇಕು. ಇಲ್ಲವಾದರೆ ಮೋಟರಿನ ಒಂದು ಕಿಡಿ ಸಾಕು. ನಾನು ನಿಲ್ಲುವ ಜಾಗ ಅದರ ಎದುರಿಗೇ ಇರುವುದರಿಂದ ಆ ಕೆಲಸ ನನ್ನದು.

ಇಂಜಿನ್ ನೋಡಿಕೊಳ್ಳುವ ಪ್ರೌಸ್ ಗೂಡಿನ ಕಡೆ ಕೈ ತೋರಿಸಿ ಪರಿಚಯ ಮಾಡಿಸಿದ. "ಇವರು ನಮ್ಮ ಪಾದ್ರಿಗಳು. ಬಿಳಿ ನಿಲುವಂಗಿ, ಕೆಂಪು ಕಣ್ಣು, ದಿನವಿಡೀ ನಿದ್ದೆ. ನಮಸ್ಕಾರ ಮಾಡಯ್ಯಾ, ನಿನ್ನ ಪ್ರಾಣ ಇವರ ಕೈಲಿದೆ."

ಚುಕ್ಕಾಣಿ ಹಿಡಿಯುವ ಗ್ಯಾಮನ್, "ನಿನ್ನ ಬಾಯಿಗೆ ಹೋಲಿಸಿದ್ರೆ ಅವರ ಪ್ರಸಂಗಾನೇ ವಾಸಿ" ಎಂದ. ಗ್ಯಾಮನ್ ನಲವತ್ತು ದಾಟಿದವನು, ನಾಲ್ಕು ಹೆಣ್ಣುಮಕ್ಕಳು. ನಮ್ಮ ಅಧಿಕಾರಿ ಲೆಫ್ಟಿನೆಂಟ್ ಗಾರ್ಲಂಡ್. ಇಪ್ಪತ್ತೇಳು ವರ್ಷ ಇರಬಹುದು, ಉಗುರು ಕಚ್ಚುತ್ತಾರೆ.

ಏಪ್ರಿಲ್ 15

ಮೊದಲ ಸಲ ಮುಳುಗಿದೆವು. ಐವತ್ತು ನಿಮಿಷ.

ಇದನ್ನು ಬರೆಯಬೇಕೋ ಬೇಡವೋ. ಬರೆಯುತ್ತೇನೆ, ಯಾರು ಓದುತ್ತಾರೆ.

ಅರ್ಧ ಗಂಟೆಯಾದ ಮೇಲೆ ತಲೆ ಹಗುರಾಯಿತು. ಎಲ್ಲವೂ ಸರಿಯಾಗಿದೆ ಅನ್ನಿಸಿತು. ಆಗ ನನ್ನ ಬಲಗಡೆ, ಬ್ಯಾಟರಿಯ ಹಲಗೆಗಳ ಆಚೆಯಿಂದ, ಕಡ್ಡಿಗಳ ಸದ್ದು ಕೇಳಿತು. ಉಣ್ಣೆ ಹೆಣೆಯುವ ಉಕ್ಕಿನ ಕಡ್ಡಿಗಳು. ಆಮೇಲೆ ಹೆಟ್ಟಿ. "ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು." ಅದೇ ಗಂಟಲು, ಉಸಿರಿನ ಒಳಗೇ ಎಣಿಸುವುದು.

ಅವಳು ನನಗಾಗಿ ಹೆಣೆಯುತ್ತಿದ್ದ ಅಂಗಿಗೆ ಕಡ್ಡಿಯೊಂದಕ್ಕೆ, ಅಂದರೆ ಸಾಲೊಂದಕ್ಕೆ, ತೊಂಬತ್ತೆರಡು ಕುಣಿಕೆ. ಎಣಿಸುವಾಗ ಮಾತಾಡಿಸಿದರೆ ಬೈಯುತ್ತಿದ್ದಳು. ಕಡ್ಡಿ ಮುಗಿದ ಮೇಲೆ ತಲೆಯೆತ್ತಿ, "ಈಗ ಹೇಳಿ, ಏನು?" ಎನ್ನುತ್ತಿದ್ದಳು. ಅಷ್ಟರಲ್ಲಿ ನಾನು ಹೇಳಬೇಕಾದದ್ದು ಮರೆತುಹೋಗಿರುತ್ತಿತ್ತು.

ಅವಳ ಎಣಿಕೆ ಮೂವತ್ತನಾಲ್ಕಕ್ಕೆ ಬಂದಾಗ ದೋಣಿ ಮೇಲೆ ಬಂತು. ಮೇಲ್ಬಾಗಿಲು ತೆರೆದರು, ಗಾಳಿ ಬಂತು, ಸದ್ದು ನಿಂತಿತು. ಪಾದ್ರಿ ಓಲಾಡುತ್ತಾ ನೀರು ಕುಡಿಯುತ್ತಿದ್ದ. ನನಗೆ ತಲೆನೋವು. ಸಂಜೆ ಹೆಟ್ಟಿಯ ಹೆಣಿಗೆ ಪೆಟ್ಟಿಗೆ ತೆರೆಯಲು ಹೋಗಿ ತೆರೆಯಲಿಲ್ಲ.

ಏಪ್ರಿಲ್ 24

ಒಂಬತ್ತು ದಿನದಿಂದ ಗಾಳಿ. ಮುಳುಗುವುದಿಲ್ಲ. ಹಿತ್ತಾಳೆ ಉಜ್ಜಿದೆ. ಉಜ್ಜಿದ್ದನ್ನೇ ಮತ್ತೆ ಉಜ್ಜಿದೆ. ದಿನಕ್ಕೆ ಮೂರು ಸಲ ಕೊಲ್ಲಿಯ ದಂಡೆಯವರೆಗೆ ಹೋಗಿ ನೀರಿನ ಬಣ್ಣ ನೋಡಿ ಬರುತ್ತೇನೆ. ಗ್ಯಾಮನ್ ಕೇಳಿದ, "ಏನಯ್ಯಾ, ಮುಳುಗೋಕೆ ಇಷ್ಟು ಅವಸರಾನಾ? ಬೇರೆಯವರೆಲ್ಲ ಗಾಳಿ ನಿಲ್ಲದೇ ಇರ್ಲಿ ಅಂತ ಇದ್ದಾರೆ."

ಮಿಸೆಸ್ ಕಬಿಟ್ ತಟ್ಟೆ ಎತ್ತಿಕೊಂಡು ಹೋದರು. ಆಲೂಗಡ್ಡೆ ಹಾಗೇ ಇತ್ತು.

ಮೇ 2

ಇಂದು ಐವತ್ತೆಂಟರವರೆಗೆ.

ಮೇ 3

ನಿನ್ನೆ ಆದದ್ದನ್ನು ಸರಿಯಾಗಿ ಬರೆಯಬೇಕು.

ಮುಳುಗಿ ನಲವತ್ತು ನಿಮಿಷವಾಗಿತ್ತು. ಹೆಟ್ಟಿಯ ಎಣಿಕೆ ನಲವತ್ತಕ್ಕೆ ಬಂದಿತ್ತು. ನಾನು ಗೂಡನ್ನು ನೋಡಿದೆ. ಪಾದ್ರಿ ಪಕ್ಕಕ್ಕೆ ವಾಲಿ ಬಿದ್ದಿದ್ದ, ಕಾಲು ಅಲುಗುತ್ತಿತ್ತು. ನಾನು ಮತ್ತೆ ಕಿವಿಗೊಟ್ಟೆ. ಎಷ್ಟು ಹೊತ್ತು ಎಂದು ನನಗೆ ಗೊತ್ತಿದೆ. ಹದಿನೆಂಟು ಕುಣಿಕೆಯ ಹೊತ್ತು.

ಗ್ಯಾಮನ್ ಚುಕ್ಕಾಣಿಯಲ್ಲಿ ಹಾಡಲು ಶುರುಮಾಡಿದ. ಎಲ್ಲರೂ ನಕ್ಕರು, ಲೆಫ್ಟಿನೆಂಟರೂ ನಕ್ಕರು. ಆಮೇಲೆ ಅವನು ಚಕ್ರದ ಮೇಲೇ ಕುಸಿದ. ದೋಣಿ ಮೂತಿ ಕೆಳಗೆ ಮಾಡಿತು. ಲೆಫ್ಟಿನೆಂಟರು ಅವನನ್ನು ಎಳೆದುಹಾಕಿ ತಾವೇ ಹಿಡಿದು ಮೇಲಕ್ಕೆ ತಂದರು. ಗ್ಯಾಮನ್‌ನನ್ನು ಮೇಲ್ಬಾಗಿಲಿನಿಂದ ಹಗ್ಗ ಕಟ್ಟಿ ಎತ್ತಿದೆವು. ಮುಖ ನೀಲಿಯಾಗಿತ್ತು.

"ಇಲಿ ಯಾವಾಗ ಬಿತ್ತು, ಪ್ಯಾಸ್ಕೋ?"

"ಈಗಷ್ಟೇ ಸರ್."

ಲೆಫ್ಟಿನೆಂಟರು ಅದನ್ನೇ ಬರೆದುಕೊಂಡರು.

ಮೇ 5

ಆಸ್ಪತ್ರೆಗೆ ಹೋಗಿದ್ದೆ. ಗ್ಯಾಮನ್ ದಿಂಬಿಗೆ ಒರಗಿ ಕೂತಿದ್ದ. ಹೆಂಡತಿ ಮಕ್ಕಳೆಲ್ಲ ಬಂದಿದ್ದರು. ಚಿಕ್ಕವಳು ಹಾಸಿಗೆಯ ಕಂಬಿ ಹತ್ತಿ ಇಳಿದು ಮಾಡುತ್ತಿದ್ದಳು.

"ಬಾರಯ್ಯಾ ಪ್ಯಾಸ್ಕೋ. ನಾನು ಹಾಡಿದ್ನಂತೆ? ಇಪ್ಪತ್ತು ವರ್ಷದಿಂದ ಚರ್ಚಲ್ಲೂ ಬಾಯಿಬಿಟ್ಟೋನಲ್ಲ ನಾನು." ಆಮೇಲೆ ಹೆಂಡತಿಗೆ, "ಇವನೇ ಕಣೇ, ಇಲಿ ನೋಡ್ಕೊಳ್ಳೋನು. ಇವನು ನೋಡ್ತಾ ಇದ್ದದ್ದಕ್ಕೆ ನಾನು ಇಲ್ಲಿ ಕೂತಿದ್ದೀನಿ" ಎಂದ.

ಆಕೆ ನನ್ನ ಎರಡೂ ಕೈ ಹಿಡಿದುಕೊಂಡಳು. "ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಅಣ್ಣಾ" ಎಂದಳು.

ಕೂರಲಿಲ್ಲ. ಕೆಲಸವಿದೆ ಎಂದು ಹೊರಟುಬಂದೆ. ಕೆಲಸವೇನೂ ಇರಲಿಲ್ಲ.

ಮೇ 6

ನೋಡುತ್ತಾ ಇದ್ದದ್ದು ನಿಜ.

ಮೇ 13

ಪೆಟ್ರೋಲ್ ಪೈಪಿನ ಕೀಲುಗಳಿಗೆಲ್ಲ ಸಾಬೂನು ನೀರು ಹಚ್ಚಿದೆ. ಗುಳ್ಳೆ ಎದ್ದ ಎರಡು ಕಡೆ ಬಿಚ್ಚಿ, ಹೊಸ ತೊಗಲಿನ ಬಿಲ್ಲೆ ಹಾಕಿ ಬಿಗಿಮಾಡಿದೆ. ಅದು ಯಾರಾದರೂ ಮಾಡಲೇಬೇಕಾದ ಕೆಲಸ, ಅದಕ್ಕೇ ಮಾಡಿದೆ. ಆಮೇಲೆ ಮೂರು ಸಲ ಮುಳುಗಿದೆವು. ಏನೂ ಕೇಳಲಿಲ್ಲ. ಮೋಟರಿನ ಸದ್ದು ಮಾತ್ರ.

ಗ್ಯಾಮನ್ ಮರಳಿ ಬಂದಿದ್ದಾನೆ. ನಾನು ಅವನ ಬೆನ್ನನ್ನು ನೋಡುತ್ತಾ ನಿಂತಿರುತ್ತೇನೆ.

ಲೆಫ್ಟಿನೆಂಟರು ಹೇಳಿದರು: ಮೂವತ್ತೊಂದಕ್ಕೆ ಪರೀಕ್ಷೆ. ಮೇಲಿನವರೆಲ್ಲ ಈ ದೋಣಿಗಳನ್ನು ಸಾಕುವ ತಾಯಿಹಡಗಿನಿಂದ ನೋಡುತ್ತಾರೆ. ಮೂರು ಗಂಟೆ ನೀರಿನಡಿ ಇದ್ದು, ಹೇಳಿದ ಜಾಗದಲ್ಲಿ ಮೇಲೇಳಬೇಕು. ಆಗದಿದ್ದರೆ ಏಳನ್ನು ದಡಕ್ಕೆ ಎಳೆದು ಬಿಚ್ಚುತ್ತಾರೆ, ನಮ್ಮನ್ನು ದೊಡ್ಡ ಹಡಗುಗಳಿಗೆ ಹಂಚುತ್ತಾರೆ.

ದೊಡ್ಡ ಹಡಗಿಗೆ ಹೋದರೆ ಅವಳ ಕಡ್ಡಿ ಅರ್ಧಕ್ಕೇ ನಿಲ್ಲುತ್ತದೆ. ಈ ಯೋಚನೆ ಬಂದಾಗ ಕೈಯಲ್ಲಿದ್ದ ಪಾನಾ ಕೆಳಗಿಟ್ಟು ಹೊರಗೆ ಹೋಗಿ ದಂಡೆಯ ಉದ್ದಕ್ಕೂ ನಡೆದೆ, ತಿರುಗಿ ಬಂದೆ, ಮತ್ತೆ ನಡೆದೆ.

ಮೇ 20

ಅವಮಾನದ ದಿನ.

ತಾಲೀಮಿಗೆ ಮುಳುಗಿದ್ದೆವು. ಗುರಿಯ ಹಡಗು ಇನ್ನೇನು ಎದುರಿಗೆ ಬರಬೇಕು. ಪಾದ್ರಿ ದೊಪ್ಪನೆ ಬಿದ್ದ. ಈ ಸಲ ನಾನು ಒಂದು ಉಸಿರೂ ತಡಮಾಡಲಿಲ್ಲ. "ಇಲಿ ಬಿತ್ತು!" ಎಂದು ಕೂಗಿದೆ. ಲೆಫ್ಟಿನೆಂಟರು ಕೂಡಲೇ ಮೇಲೆಬ್ಬಿಸಿದರು. ಸರಿಯಾಗಿ ಗುರಿಯ ಹಡಗಿನ ಪಕ್ಕದಲ್ಲೇ ಎದ್ದೆವು, ಮೇಲಿದ್ದವರು ಕೈಬೀಸಿ ನಕ್ಕರು.

ಗೂಡನ್ನು ಗಾಳಿಗೆ ತಂದೆವು. ಪಾದ್ರಿ ಎಚ್ಚರಗೊಳ್ಳಲಿಲ್ಲ. ಹೊಟ್ಟೆ ಮುಟ್ಟಿದರೆ ಗಟ್ಟಿ ಚೆಂಡು. ಪ್ರೌಸ್ ಹೊಟ್ಟೆ ಒತ್ತಿದ, ಪಾದ್ರಿ ತೇಗಿದ ಹಾಗೆ ಬಾಯಿತೆರೆದು ಮಗ್ಗುಲು ಬದಲಿಸಿದ.

"ಇದಕ್ಕೆ ತಿನ್ನಿಸಿದ್ಯಾರು?" ಎಂದರು ಲೆಫ್ಟಿನೆಂಟರು.

ತಲೆ ಕೆರೆದುಕೊಳ್ಳುತ್ತಾ ಪ್ರೌಸ್, "ಒಂಚೂರು ಚೀಸ್ ಸರ್. ಪಾಪ ಅಂತ."

"ನಾನೂ ಒಂದು ಬ್ರೆಡ್ ತುಂಡು," ಎಂದ ಗ್ಯಾಮನ್.

"ಹಂದಿಮಾಂಸದ ತೊಗಲು ಸರ್, ಚಿಕ್ಕದು," ಎಂದು ಮುಂದಿನಿಂದ ಒಬ್ಬ.

ಹೀಗೆ ಒಬ್ಬೊಬ್ಬರಾಗಿ ಹೊರಬಿತ್ತು. ಮುಳುಗುವ ಮೊದಲು ತನ್ನ ತುತ್ತಿನಲ್ಲಿ ಒಂದು ಚೂರು ಪಾದ್ರಿಗೆ ಕೊಟ್ಟರೆ ಕ್ಷೇಮವಾಗಿ ಮೇಲೆ ಬರುತ್ತೇವೆಂದು ಪ್ರತಿಯೊಬ್ಬನೂ ತನ್ನಷ್ಟಕ್ಕೆ ನಂಬಿಕೊಂಡಿದ್ದಾನೆ. ತಾನೊಬ್ಬನೇ ಕೊಡುವುದು ಎಂದು ಪ್ರತಿಯೊಬ್ಬನೂ ತಿಳಿದಿದ್ದಾನೆ. ಒಂಬತ್ತು ಜನ. ಕೊನೆಗೆ ಲೆಫ್ಟಿನೆಂಟರ ಕಿವಿಯೂ ಕೆಂಪಾಯಿತು. ಅವರು ಏನು ಕೊಟ್ಟಿದ್ದರೋ ಹೇಳಲಿಲ್ಲ.

ಕೊಡದವನು ನಾನೊಬ್ಬನೇ. ನನಗೆ ಅದು ಹೊಳೆದೇ ಇರಲಿಲ್ಲ.

ಸಂಜೆ ಲೆಫ್ಟಿನೆಂಟರು ಕರೆಸಿದರು. ಅವರಿಗೆ ಮೇಲಿನಿಂದ ಚೆನ್ನಾಗಿ ಬೈಗುಳ ಬಿದ್ದಿತ್ತು. "ನೀನು ಕೂಗಿದ್ದು ತಪ್ಪಲ್ಲ, ಪ್ಯಾಸ್ಕೋ. ಆದ್ರೆ ಪರೀಕ್ಷೆ ದಿನ ಹೀಗಾದ್ರೆ ದೋಣಿ ಹೋಯ್ತು ಅಂತಾನೇ. ಖಾತ್ರಿ ಇದ್ರೆ ಮಾತ್ರ ಕೂಗು."

ಮೇ 26

ಇಲಿಗೆ ದಿನಕ್ಕೆ ಎರಡು ಚಿಟಿಕೆ ಓಟ್ಸ್, ಅಷ್ಟೇ. ಗೂಡಿನ ಬಾಗಿಲಿಗೆ ತಂತಿ ಸುತ್ತಿದ್ದೇನೆ. ಪ್ರೌಸ್ ನನ್ನನ್ನು ಅನಾಥಾಲಯದ ಮೇಸ್ತ್ರಿ ಎನ್ನುತ್ತಾನೆ. "ನೋಡ್ರೋ, ಪಾದ್ರಿಗಳ ಪಕ್ಕೆಲುಬು ಎಣಿಸಬಹುದು! ಲೋ ಪ್ಯಾಸ್ಕೋ, ನಿನ್ನ ಹೊಟ್ಟೆಗೂ ಹಾಕಲ್ಲ, ಅದರ ಹೊಟ್ಟೆಗೂ ಹಾಕಲ್ಲ."

"ನಿನ್ನ ಚೀಸ್ ನೀನೇ ತಿನ್ನು" ಎಂದೆ.

"ಮಾತು ಬಂತು! ಎಲ್ಲಾ ಕೇಳಿ, ಪ್ಯಾಸ್ಕೋಗೆ ಮಾತು ಬಂತು!"

ಸಿಟ್ಟು ಬಂತು. ಮನೆಗೆ ಬಂದರೂ ಇತ್ತು. ಆ ಸಿಟ್ಟಿನಲ್ಲಿ ಎರಡು ತಟ್ಟೆ ಸ್ಟ್ಯೂ ತಿಂದೆನೆಂದು ಮಿಸೆಸ್ ಕಬಿಟ್ ಹೇಳಿದರು. ನಾನು ಗಮನಿಸಿರಲಿಲ್ಲ.

ಮೇ 30

ನಾಳೆ. ಕೀಲುಗಳನ್ನೆಲ್ಲ ಮತ್ತೆ ನೋಡಿದೆ. ಗುಳ್ಳೆ ಇಲ್ಲ. ಬ್ಯಾಟರಿಯ ಅಡಿಯಲ್ಲಿ ಹಾದುಹೋಗುವ ಪೈಪು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ನೋಡಬೇಕೆಂದರೆ ದೋಣಿಯನ್ನೇ ಬಿಚ್ಚಬೇಕು.

ಕುರ್ಚಿ ಕಿಟಕಿಯ ಹತ್ತಿರ ಹಾಕಿದೆ. ಆಮೇಲೆ ಬಾಗಿಲ ಹತ್ತಿರ. ಸರಿಯಾಗಲಿಲ್ಲ.

ಜೂನ್ 1

ನಿನ್ನೆ ಬರೆಯಲಾಗಲಿಲ್ಲ. ಈಗ ಪೂರ್ತಿ ಬರೆಯುತ್ತೇನೆ.

ಬೆಳಿಗ್ಗೆ ಹತ್ತಕ್ಕೆ ಮುಳುಗಿದೆವು. ಮೊದಲ ಎರಡು ಗಂಟೆ ಎಲ್ಲ ಸರಿಯಿತ್ತು. ಪೆರಿಸ್ಕೋಪ್ ಹಿಡಿದಿದ್ದ ಲೆಫ್ಟಿನೆಂಟರು ಉಗುರು ಕಚ್ಚುವುದನ್ನು ಬಿಟ್ಟಿದ್ದರು. ಪ್ರೌಸ್ ಯಾವುದೋ ಕತೆ ಹೇಳುತ್ತಿದ್ದ, ಎಲ್ಲರೂ ನಗುತ್ತಿದ್ದರು. ಅಷ್ಟು ನಗುವ ಕತೆಯಲ್ಲ ಅದು.

ಆಗ ಕಡ್ಡಿಗಳ ಸದ್ದು. "ಅರವತ್ತು, ಅರವತ್ತೊಂದು."

ನಾನು ಗೂಡನ್ನು ನೋಡಿದೆ. ಪಾದ್ರಿ ಮಲಗಿದ್ದ. ಕಾಲು ಅಲುಗುತ್ತಿರಲಿಲ್ಲ.

"ಇಲಿ ಬಿದ್ದಿದೆ ಸರ್" ಎಂದೆ.

ನಗು ನಿಂತಿತು. ಲೆಫ್ಟಿನೆಂಟರು ಪೆರಿಸ್ಕೋಪಿನಿಂದ ಕಣ್ಣು ತೆಗೆಯದೆ, "ಯಾರಾದರೂ ತಿನ್ನಿಸಿದ್ದೀರಾ? ನಿಜ ಹೇಳಿ" ಎಂದರು.

ಪ್ರೌಸ್‌ನ ಧ್ವನಿ ಸಣ್ಣದಾಯಿತು. "ಸರ್, ಇವತ್ತೊಂದಿನ ಅಂತ... ತಂತಿ ಸಂದಿಯಿಂದ."

"ನಾನೂ ಕೊಟ್ಟೆ" ಎಂದ ಗ್ಯಾಮನ್. "ಪರೀಕ್ಷೆ ದಿನ ಕೊಡದೇ ಹೆಂಗೆ ಬರೋದು ಸರ್?"

ಇನ್ನೂ ಇಬ್ಬರು ಕೊಟ್ಟಿದ್ದರು. ಇಲಿಯ ಸಾಕ್ಷಿ ಅಲ್ಲಿಗೆ ಮುಗಿಯಿತು.

"ಹಾಗಾದ್ರೆ ಮತ್ತೆ ಹೊಟ್ಟೆ ಬಿರಿಯೋ ಹಾಗೆ ತಿಂದು ಮಲಗಿದೆ" ಎಂದರು ಲೆಫ್ಟಿನೆಂಟರು. "ಇನ್ನು ನಲವತ್ತು ನಿಮಿಷ. ತಡ್ಕೊಳ್ಳೋಣ."

"ಎಪ್ಪತ್ತು" ಎಂದಳು ಹೆಟ್ಟಿ.

ನಾನು ಸುಮ್ಮನಿದ್ದರೆ ಸಾಕಿತ್ತು. ಯಾರೂ ನನ್ನನ್ನು ಏನೂ ಅನ್ನುತ್ತಿರಲಿಲ್ಲ. ಹೇಳಬೇಕಾದದ್ದನ್ನು ಹೇಳಿ ಆಗಿತ್ತು, ಬೇಡವೆಂದವರು ಅವರು. ಇನ್ನು ಇಪ್ಪತ್ತೆರಡು ಕುಣಿಕೆ. ಗ್ಯಾಮನ್ ಎದುರಿಗೆ ನಿಂತಿದ್ದ. ಕುತ್ತಿಗೆಯ ಹಿಂದೆ ಅವನ ಕೂದಲನ್ನು ಮನೆಯಲ್ಲೇ ಯಾರೋ ಕತ್ತರಿಸಿದ್ದರು. ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ.

"ಸರ್, ಹಬೆ ಇದೆ" ಎಂದೆ.

"ಹೇಗೆ ಹೇಳ್ತೀಯಾ?"

"ನನ್ನ ಹೆಂಡತಿ ಬಂದಿದ್ದಾಳೆ ಸರ್."

ಯಾರೂ ನಗಲಿಲ್ಲ. ಲೆಫ್ಟಿನೆಂಟರು ಈಗ ನನ್ನ ಕಡೆ ತಿರುಗಿದರು. "ನಿನ್ನ ಹೆಂಡತಿ ತೀರಿಕೊಂಡಿದ್ದಾರೆ ಅಂತ ಬರೆದಿದೆಯಲ್ಲಪ್ಪಾ."

"ಹೌದು ಸರ್. ಜನವರಿಯಲ್ಲಿ. ಹಬೆ ಸೇರಿದಾಗಲೇ ಬರ್ತಾಳೆ, ಬೇರೆ ಯಾವಾಗಲೂ ಬರಲ್ಲ. ಗ್ಯಾಮನ್ ಬಿದ್ದ ದಿನ ಬಂದಿದ್ಲು. ಕೀಲು ಬಿಗಿಮಾಡಿದ ಮೇಲೆ ಬಂದಿಲ್ಲ. ಇಲಿ ಪಕ್ಕದಲ್ಲಿ ನೆಲಕ್ಕೆ ಎಲ್ಲರಿಗಿಂತ ಹತ್ತಿರ ಬಗ್ಗಿರೋನು ನಾನು, ಅದಕ್ಕೆ ನನಗೆ ಮೊದಲು ಏರುತ್ತೆ. ಈಗ ಇಲ್ಲೇ ಇದ್ದಾಳೆ ಸರ್. ಎಂಬತ್ತಕ್ಕೆ ಬಂದಿದ್ದಾಳೆ."

ಇಷ್ಟು ಮಾತನ್ನು ನಾನು ಆ ದೋಣಿಯಲ್ಲಿ ಒಟ್ಟಾಗಿ ಎಂದೂ ಆಡಿರಲಿಲ್ಲ. ಲೆಫ್ಟಿನೆಂಟರು ನನ್ನನ್ನು ನೋಡಿದರು, ಆಮೇಲೆ ಸುಮ್ಮಸುಮ್ಮನೆ ಮತ್ತೆ ನಗಲು ಶುರುಮಾಡಿದ್ದ ಪ್ರೌಸ್‌ನ ಬೆವರಿದ ಮುಖ ನೋಡಿದರು.

"ಯಾರೂ ಸ್ವಿಚ್ ಮುಟ್ಟಬೇಡಿ. ಮೋಟರ್ ಹಾಗೇ ಇರಲಿ, ಕಿಡಿ ಹಾರಬಾರದು. ನೀರಿನ ತೊಟ್ಟಿಗಳಿಗೆ ಗಾಳಿ ಬಿಡಿ. ಮೇಲೆ ಹೋಗ್ತಿದ್ದೀವಿ."

ಗಾಳಿ ನುಗ್ಗುವ ಸದ್ದಿನಲ್ಲೂ ನನಗೆ ಅವಳ ಎಣಿಕೆ ಕೇಳುತ್ತಿತ್ತು. ಎಂಬತ್ತೆಂಟು. ತೊಂಬತ್ತು. ದೋಣಿ ಮೇಲಕ್ಕೆ ವಾಲಿತು. ತೊಂಬತ್ತೊಂದು. ತೊಂಬತ್ತೆರಡು. ಕಡ್ಡಿಗಳು ನಿಂತವು. ಅವಳು ತಲೆಯೆತ್ತಿದಳು. ನಾನು ನೋಡಲಿಲ್ಲ, ಆದರೆ ಎತ್ತಿದಳು.

"ಈಗ—" ಎಂದಳು.

ಮೇಲ್ಬಾಗಿಲು ತೆರೆಯಿತು.

ದೋಣಿಯನ್ನು ಎಳೆದು ತಂದ ಮೇಲೆ ಬ್ಯಾಟರಿಯ ಹಲಗೆಗಳನ್ನು ಕಿತ್ತರು. ಅಡಿಯ ಪೈಪು ಬಿರುಕು ಬಿಟ್ಟಿತ್ತು. ನಾಲ್ಕು ಬೆರಳು ಪೆಟ್ರೋಲ್ ನಿಂತಿತ್ತು. ಪ್ರೌಸ್ ಹೊರಗೆ ಹೋಗಿ ವಾಂತಿಮಾಡಿಕೊಂಡ. ಪಾದ್ರಿ ಸತ್ತಿದ್ದ.

ಏಳನ್ನು ಬಿಚ್ಚುವುದಿಲ್ಲವಂತೆ. ಆ ಪೈಪನ್ನು ಮೇಲ್ಭಾಗಕ್ಕೆ ತರುತ್ತಾರಂತೆ, ಉಳಿದ ದೋಣಿಗಳಲ್ಲೂ.

ಜೂನ್ 2

ಲೆಫ್ಟಿನೆಂಟರ ಹತ್ತಿರ ಹೋಗಿ ಮೇ ಎರಡರ ವಿಷಯ ಹೇಳಿದೆ. ಇಲಿ ಬಿದ್ದದ್ದು ಆಗಷ್ಟೇ ಅಲ್ಲ, ಅದಕ್ಕೂ ಮೊದಲೇ ಎಂದೆ. ಅವರು ಪುಸ್ತಕ ತೆರೆದು ಆ ದಿನ ತಾವು ಬರೆದುಕೊಂಡದ್ದನ್ನು ಓದಿದರು. "ನಿನ್ನನ್ನ ಕಳಿಸಬೇಕೋ ಇಟ್ಕೋಬೇಕೋ ನಂಗೊತ್ತಿಲ್ಲ" ಎಂದರು. "ಗ್ಯಾಮನ್‌ಗೆ ಹೇಳಿದ್ಯಾ? ಹೋಗಿ ಹೇಳು. ಅವನು ನಿನ್ನ ಜೊತೆ ಮುಳುಗ್ತೀನಿ ಅಂದ್ರೆ ಇರು."

ಗ್ಯಾಮನ್ ಮನೆಯ ಹಿಂದೆ ಬಟಾಣಿ ಬಳ್ಳಿಗೆ ಕಡ್ಡಿ ನೆಡುತ್ತಿದ್ದ. ಹೇಳಿದೆ. ಕಡ್ಡಿ ನೆಡುವುದನ್ನು ನಿಲ್ಲಿಸಲಿಲ್ಲ. ಸಾಲು ಮುಗಿಸಿದ.

"ಎಷ್ಟು ಹೊತ್ತು ನೋಡ್ತಾ ಇದ್ದೆ?"

"ಹದಿನೆಂಟು ಎಣಿಸೋಷ್ಟು."

ಅವನು ಬಾಯಲ್ಲೇ ಹದಿನೆಂಟರವರೆಗೆ ಎಣಿಸಿದ, ನಿಧಾನವಾಗಿ. ಒಳಗಿನಿಂದ ಹುಡುಗಿಯರ ಗಲಾಟೆ ಕೇಳುತ್ತಿತ್ತು.

"ಹೋಗು ಈಗ" ಎಂದ. "ನನ್ನ ಹೆಂಡತಿ ನೋಡಿದ್ರೆ ಒಳಗೆ ಕರೆದು ಚಹಾ ಕೊಡ್ತಾಳೆ. ಅದು ನನ್ನಿಂದ ನೋಡೋಕಾಗಲ್ಲ."

ಜೂನ್ 17

ಹದಿನೈದು ದಿನ ದೋಣಿ ದುರಸ್ತಿಯಲ್ಲಿತ್ತು. ಗ್ಯಾಮನ್ ಒಂದು ಮಾತೂ ಆಡಲಿಲ್ಲ. ಕಳಿಸಿ ಎಂದೂ ಹೇಳಿಲ್ಲವಂತೆ, ಇರಲಿ ಎಂದೂ ಹೇಳಿಲ್ಲವಂತೆ. ನಾನು ದಿನವೂ ಹೋಗಿ ಹೊಸ ಪೈಪಿನ ಕೀಲು ನೋಡಿ ಬರುತ್ತೇನೆ. ಹೊಸ ಇಲಿ ಬಂದಿದೆ. ಇದಕ್ಕೆ ಹೆಸರಿಟ್ಟಿಲ್ಲ. ಇಡುವುದಿಲ್ಲವೆಂದು ಪ್ರೌಸ್ ಆಣೆಮಾಡಿದ್ದಾನೆ.

ಮಧ್ಯಾಹ್ನ ಹೆಟ್ಟಿಯ ಪೆಟ್ಟಿಗೆ ತೆರೆದೆ. ಅಂಗಿಗೆ ಒಂದು ತೋಳು ಇನ್ನೂ ಬಾಕಿ ಇದೆ. ಮಿಸೆಸ್ ಕಬಿಟ್ ತಾವೇ ಮುಗಿಸಿಕೊಡುವುದಾಗಿ ಹೇಳಿದರು. "ನನ್ನ ಕೈ ಅವಳಷ್ಟು ಬಿಗಿ ಇಲ್ಲ, ತೋಳು ಸ್ವಲ್ಪ ಸಡಿಲ ಬರುತ್ತೆ, ಪರವಾಗಿಲ್ವಾ?" ಎಂದು ಕೇಳಿದರು. ಪರವಾಗಿಲ್ಲ ಎಂದೆ.

ಜೂನ್ 21

ಇಂದು ಮುಳುಗಿದೆವು. ಬೆಳಿಗ್ಗೆ ನಾನು ಏಣಿ ಇಳಿಯುವಾಗ ಗ್ಯಾಮನ್ ಚಕ್ರದ ಮುಂದೆ ನಿಂತಿದ್ದ. ತಿರುಗಿ ನೋಡಲಿಲ್ಲ.

ಇಪ್ಪತ್ತು ಅಡಿಗೆ ಹೋಗಿ ದೋಣಿ ಸಮವಾಯಿತು. ಹತ್ತು ನಿಮಿಷವಾಗಿರಬಹುದು. ಗ್ಯಾಮನ್ ಮುಂದೆಯೇ ನೋಡುತ್ತಾ ಕೇಳಿದ:

"ಪ್ಯಾಸ್ಕೋ. ನಿಮ್ಮನೆಯವರು ಬಂದ್ರಾ?"

ಪ್ರೌಸ್ ನಗುತ್ತಾನೆಂದುಕೊಂಡೆ. ನಗಲಿಲ್ಲ. ಎಲ್ಲರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು, ಲೆಫ್ಟಿನೆಂಟರೂ. ನಾನು ಕಿವಿಗೊಟ್ಟು ಕೇಳಿದೆ. ಮೋಟರು, ನೀರು, ಯಾರದೋ ಉಸಿರು.

"ಬಂದಿಲ್ಲ" ಎಂದೆ.

ಹತ್ತು ನಿಮಿಷಕ್ಕೆ ಮತ್ತೆ ಕೇಳಿದ. ಬಂದಿಲ್ಲ ಎಂದೆ. ಎರಡು ಗಂಟೆಯಲ್ಲಿ ಹನ್ನೊಂದು ಸಲ ಕೇಳಿದ. ಹನ್ನೊಂದು ಸಲವೂ, ಚೆನ್ನಾಗಿ ಕೇಳಿಸಿಕೊಂಡು, ಬಂದಿಲ್ಲ ಎಂದೆ.